ಒಂದು ದಿನವೆಂದರೆ ಎಷ್ಟು ಹೊತ್ತು?
ಗ್ರಹಗಳ ನಾಕ್ಷತ್ರ ದಿನದ ಲೆಕ್ಕ ನಡೆದುಬಂದ ದಾರಿ



ಭೂಮಿ ತನ್ನ ಅಕ್ಷದ ಮೇಲೆ ಒಂದು ಸುತ್ತು ತಿರುಗಲು ಎಷ್ಟು ಸಮಯ ಬೇಕು? ಈ ಪ್ರಶ್ನೆಯನ್ನು ಯಾರಿಗೆ ಕೇಳಿದರೂ 24 ಗಂಟೆ ಎಂಬ ಉತ್ತರ ಥಟ್ಟನೆ ಬರುತ್ತದೆ. ನಾನೂ ಬಹಳ ಕಾಲ ಹಾಗೆಯೇ ಹೇಳಿಕೊಂಡು ಬಂದವನು. ನಾನು ಉರ್ದು ಮತ್ತು ಕನ್ನಡ ಪಾಠ ಮಾಡುವ ಶಿಕ್ಷಕ. ವಿಜ್ಞಾನ ಶಿಕ್ಷಕರ ಹುದ್ದೆ ಖಾಲಿ ಬಿದ್ದಿದ್ದ ಒಂದು ವರ್ಷ ಒಂಬತ್ತನೆಯ ತರಗತಿಯ ವಿಜ್ಞಾನದ ಪೀರಿಯಡ್ಡೂ ನನ್ನ ಪಾಲಿಗೆ ಬಂತು. ಆ ವರ್ಷ ಒಬ್ಬ ವಿದ್ಯಾರ್ಥಿನಿ ನನಗೆ ಕಲಿಸಿದ ಪಾಠವೇ ಈ ಲೇಖನಕ್ಕೆ ಕಾರಣ.

ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ಆಕೆ ಶಾಲೆಯ ಕಂಪ್ಯೂಟರಿನಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆದಿದ್ದಳು. ಒಂದು ಗ್ರಹದಲ್ಲಿ ಸೂರ್ಯ ನೆತ್ತಿಗೆ ಬಂದು ಮತ್ತೆ ನೆತ್ತಿಗೆ ಬರುವ ಅವಧಿ ಎಷ್ಟು, ಆ ಗ್ರಹದ ವರ್ಷ ಎಷ್ಟು, ಈ ಎರಡು ಸಂಖ್ಯೆಗಳನ್ನು ಕೊಟ್ಟರೆ ಗ್ರಹದ ನಿಜವಾದ ಒಂದು ಸುತ್ತಿನ ಕಾಲವನ್ನು ಅದು ಹೇಳಬೇಕು. ಭೂಮಿಗೆ ಉತ್ತರ ಸರಿಯಾಗಿ ಬಂತು. ಮಂಗಳಕ್ಕೂ ಬಂತು, ಬುಧಕ್ಕೂ ಬಂತು. ಶುಕ್ರಕ್ಕೆ ಮಾತ್ರ 76.8 ದಿನ ಎಂದು ಬಂತು. ಪುಸ್ತಕದಲ್ಲಿದ್ದದ್ದು 243 ದಿನ. ಮರುದಿನವೇ ಪ್ರದರ್ಶನ. ನಾನು, "ಬೇಟಿ, ಪುಸ್ತಕದಲ್ಲಿರುವ 243 ಅನ್ನೇ ಚಾರ್ಟಿನಲ್ಲಿ ಬರೆದುಬಿಡು, ಯಾರು ಲೆಕ್ಕ ಮಾಡಿ ನೋಡುತ್ತಾರೆ?" ಎಂದೆ. ಆಕೆ ತಲೆಬಾಗಿಸಿ ಬರೆದಳು. ಆಮೇಲೆ ಮೆಲ್ಲಗೆ ಕೇಳಿದಳು: "ಸರ್, ಹಾಗಾದರೆ ಉಳಿದ ಮೂರು ಉತ್ತರ ಸರಿ ಅಂತ ನಮಗೆ ಹೇಗೆ ಗೊತ್ತು?"

ನನ್ನ ಬಳಿ ಉತ್ತರವಿರಲಿಲ್ಲ. ಅದನ್ನು ಹುಡುಕುತ್ತಾ ಹೋದಾಗ, ನಾನು ಮಾಡಿದ ತಪ್ಪನ್ನೇ ಜಗತ್ತಿನ ದೊಡ್ಡ ದೊಡ್ಡ ಖಗೋಳಜ್ಞರೂ ಮಾಡಿದ್ದರೆಂದು ತಿಳಿಯಿತು.

ಧ್ವಜಸ್ತಂಭ ಮತ್ತು ನೀರಿನ ಟ್ಯಾಂಕು

ಮೊದಲು ವಿಷಯವನ್ನು ಅರ್ಥಮಾಡಿಕೊಳ್ಳೋಣ. ಇದಕ್ಕೆ ಶಾಲೆಯ ಮೈದಾನವೇ ಸಾಕು. ಮಧ್ಯದ ಧ್ವಜಸ್ತಂಭವನ್ನು ಸೂರ್ಯನೆಂದು ತಿಳಿಯಿರಿ. ದೂರದಲ್ಲಿ ಕಾಣುವ ನೀರಿನ ಟ್ಯಾಂಕು ಒಂದು ನಕ್ಷತ್ರ. ನೀವೇ ಭೂಮಿ. ಬುಗುರಿಯಂತೆ ತಿರುಗುತ್ತಾ ಸ್ತಂಭದ ಸುತ್ತ ನಡೆಯಿರಿ. ಟ್ಯಾಂಕಿನಿಂದ ಹೊರಟ ನಿಮ್ಮ ಮುಖ ಪುನಃ ಟ್ಯಾಂಕಿನ ಕಡೆ ಬಂದಾಗ ನಿಮ್ಮದು ಒಂದು ಪೂರ್ಣ ಸುತ್ತಾಯಿತು. ಇದೇ ನಾಕ್ಷತ್ರ ದಿನ. ಆದರೆ ಅಷ್ಟರಲ್ಲಿ ನೀವು ಒಂದು ಹೆಜ್ಜೆ ಮುಂದೆ ಹೋಗಿರುವುದರಿಂದ, ಸ್ತಂಭಕ್ಕೆ ಮುಖಮಾಡಲು ಇನ್ನೂ ಸ್ವಲ್ಪ ತಿರುಗಬೇಕು. ಆ ಹೆಚ್ಚುವರಿ ತಿರುಗುವಿಕೆಯೂ ಸೇರಿದರೆ ಸೌರ ದಿನ. ನಮ್ಮ ಗಡಿಯಾರದ 24 ಗಂಟೆ ಈ ಸೌರ ದಿನಕ್ಕೆ ಸೇರಿದ್ದು. ಭೂಮಿಯ ನಿಜವಾದ ಒಂದು ಸುತ್ತಿಗೆ ಹಿಡಿಯುವ ಕಾಲ 23 ಗಂಟೆ 56 ನಿಮಿಷ 4 ಸೆಕೆಂಡು.

ಇನ್ನೊಂದು ಪ್ರಯೋಗ ಮಾಡಿ. ಬುಗುರಿಯಂತೆ ತಿರುಗದೆ, ಸ್ತಂಭದ ಕಡೆಗೇ ಮುಖಮಾಡಿಕೊಂಡು ಅಡ್ಡಹೆಜ್ಜೆ ಹಾಕುತ್ತಾ ಒಂದು ಸುತ್ತು ಬನ್ನಿ. ನಿಮ್ಮ ಪಾಲಿಗೆ 'ಸೂರ್ಯ' ಮುಳುಗಲೇ ಇಲ್ಲ, ಅಂದರೆ ಸೌರ ದಿನಗಳು ಸೊನ್ನೆ. ಆದರೂ ನಿಮ್ಮ ಮುಖ ನಾಲ್ಕೂ ದಿಕ್ಕುಗಳನ್ನು ನೋಡಿ ಬಂದಿದೆ, ಟ್ಯಾಂಕಿನ ಲೆಕ್ಕದಲ್ಲಿ ಒಂದು ಸುತ್ತು ಆಗಿಹೋಗಿದೆ. ಆದ್ದರಿಂದ ಒಂದು ವರ್ಷದಲ್ಲಿ ನಾಕ್ಷತ್ರ ದಿನಗಳು ಸೌರ ದಿನಗಳಿಗಿಂತ ಸರಿಯಾಗಿ ಒಂದು ಹೆಚ್ಚು. ವರ್ಷಕ್ಕೆ 365 ಮತ್ತು ಕಾಲು ದಿನಗಳಾದರೆ ಭೂಮಿ ತಿರುಗುವುದು 366 ಮತ್ತು ಕಾಲು ಸುತ್ತು.

ಆ ವಿದ್ಯಾರ್ಥಿನಿಯ ಪ್ರೋಗ್ರಾಮಿನ ತಿರುಳು ಇಷ್ಟೇ. ಪೈಥಾನ್ ಭಾಷೆಯಲ್ಲಿ ಈಗ ಹೆಸರುಗಳನ್ನು ಕನ್ನಡ ಅಕ್ಷರಗಳಲ್ಲೇ ಕೊಡಬಹುದು:

ಸೌರ_ದಿನ = 86400
ವರ್ಷ = 365.25636 * 86400
ನಾಕ್ಷತ್ರ_ದಿನ = 1 / (1 / ಸೌರ_ದಿನ + 1 / ವರ್ಷ)

ಉತ್ತರ 86,164.1 ಸೆಕೆಂಡು, ಅಂದರೆ 23 ಗಂಟೆ 56 ನಿಮಿಷ 4.1 ಸೆಕೆಂಡು. ಮಂಗಳಕ್ಕೆ ಸೌರ ದಿನ 24 ಗಂಟೆ 39 ನಿಮಿಷ 35.24 ಸೆಕೆಂಡು ಮತ್ತು ವರ್ಷ 686.98 ಭೂದಿನ ಎಂದು ಕೊಟ್ಟರೆ 24 ಗಂಟೆ 37 ನಿಮಿಷ 22.66 ಸೆಕೆಂಡು ಬರುತ್ತದೆ.

ಆದರೆ ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಈ ಮೂರು ಸಾಲು ಹೊಸದೇನನ್ನೂ ಕಂಡುಹಿಡಿಯುವುದಿಲ್ಲ. ನಾವು ಒಳಗೆ ಹಾಕುವ ಸಂಖ್ಯೆಯನ್ನು ಯಾರೋ ಒಬ್ಬರು ರಾತ್ರಿ ನಿದ್ದೆಗೆಟ್ಟು ಅಳೆದಿದ್ದಾರೆ. ಅವರು ತಪ್ಪಿದ್ದರೆ ಕಂಪ್ಯೂಟರ್ ಆ ತಪ್ಪನ್ನೇ ಬಹಳ ಅಚ್ಚುಕಟ್ಟಾಗಿ ಮುದ್ರಿಸಿಕೊಡುತ್ತದೆ. ಹಾಗಾಗಿ ಅಳೆದವರ ಚರಿತ್ರೆಯನ್ನು ನಾವು ತಿಳಿಯಬೇಕು.

ಆರ್ಯಭಟನಿಂದ ಉಲೂಗ್ ಬೇಗ್‌ವರೆಗೆ

ಕ್ರಿ.ಶ. 499ರಲ್ಲಿ ತನ್ನ ಇಪ್ಪತ್ತಮೂರನೆಯ ವಯಸ್ಸಿನಲ್ಲಿದ್ದ ಆರ್ಯಭಟನು ತನ್ನ 'ಆರ್ಯಭಟೀಯ'ದಲ್ಲಿ ಒಂದು ಸಂಖ್ಯೆಯನ್ನು ಕೊಟ್ಟಿದ್ದಾನೆ. 43,20,000 ವರ್ಷಗಳ ಒಂದು ಯುಗದಲ್ಲಿ ಭೂಮಿ ಪೂರ್ವಾಭಿಮುಖವಾಗಿ 158,22,37,500 ಸುತ್ತು ತಿರುಗುತ್ತದೆ ಎಂದು. ಇದರಿಂದ ವರ್ಷಗಳ ಸಂಖ್ಯೆಯನ್ನು ಕಳೆಯಿರಿ. ಉಳಿಯುವ 157,79,17,500 ಸೌರ ದಿನಗಳ ಸಂಖ್ಯೆ. ನಮ್ಮ ಮೈದಾನದ ಲೆಕ್ಕವೇ ಅಲ್ಲವೇ ಇದು? ವರ್ಷಕ್ಕೊಂದು ಸುತ್ತು ಹೆಚ್ಚು! ಈ ಎರಡು ಸಂಖ್ಯೆಗಳನ್ನು ಭಾಗಿಸಿ 86,400ರಿಂದ ಗುಣಿಸಿದರೆ 23 ಗಂಟೆ 56 ನಿಮಿಷ 4.1 ಸೆಕೆಂಡು ಬರುತ್ತದೆ. ದೂರದರ್ಶಕವಿಲ್ಲದ, ಲೋಲಕದ ಗಡಿಯಾರವಿಲ್ಲದ ಕಾಲದ ಲೆಕ್ಕ ಇದು.

ಆದರೆ ಭೂಮಿಯೇ ತಿರುಗುತ್ತದೆಂಬ ಆರ್ಯಭಟನ ಮಾತನ್ನು ಅವನ ನಂತರದವರು ಸುಲಭವಾಗಿ ಒಪ್ಪಲಿಲ್ಲ. ಬ್ರಹ್ಮಗುಪ್ತನಂಥ ಮಹಾ ಗಣಿತಜ್ಞನೇ ಅದನ್ನು ಖಂಡಿಸಿದ. ಕ್ರಿ.ಶ. 973ರಲ್ಲಿ ಹುಟ್ಟಿದ ಅಲ್ ಬೀರೂನಿ ಸಂಸ್ಕೃತ ಕಲಿತು ಭಾರತದ ಬಗ್ಗೆ ಬರೆದ ತನ್ನ ಅರಬ್ಬೀ ಗ್ರಂಥದಲ್ಲಿ ಈ ವಾದ ವಿವಾದವನ್ನು ವಿವರಿಸಿದ್ದಾನೆ. ಭೂಮಿ ತಿರುಗುತ್ತದೆಂದು ಭಾವಿಸಿದರೂ ಖಗೋಳ ಗಣಿತಕ್ಕೆ ಯಾವ ಬಾಧೆಯೂ ಬರುವುದಿಲ್ಲ ಎಂಬುದು ಅವನ ಅಭಿಪ್ರಾಯವಾಗಿತ್ತು. ಬೇರೆ ನಾಡಿನ, ಬೇರೆ ಭಾಷೆಯ ವಿದ್ವಾಂಸರ ಮಾತನ್ನು ಅವರ ಭಾಷೆಯಲ್ಲೇ ಓದಿ ತೂಗಿ ನೋಡಿದ ಈ ಗುಣವನ್ನು ಎರಡು ಭಾಷೆ ಕಲಿಸುವ ನಾನು ಬಹಳ ಗೌರವದಿಂದ ಕಾಣುತ್ತೇನೆ.

ಮಧ್ಯಯುಗದ ಮುಸ್ಲಿಂ ನಗರಗಳಲ್ಲಿ ನಾಕ್ಷತ್ರ ದಿನ ಬರಿಯ ಪಂಡಿತರ ವಿಷಯವಾಗಿರಲಿಲ್ಲ. ರಾತ್ರಿಯ ಇಷಾ ನಮಾಜಿನ ಹೊತ್ತು, ಬೆಳಗಿನ ಫಜರ್‌ನ ಹೊತ್ತು ಎರಡನ್ನೂ ಸೂರ್ಯ ಕಾಣದ ವೇಳೆಯಲ್ಲಿ ಗುರುತಿಸಬೇಕಿತ್ತು. ಇದಕ್ಕೆಂದೇ ದೊಡ್ಡ ಮಸೀದಿಗಳಲ್ಲಿ 'ಮುವಕ್ಕಿತ್' ಎಂಬ ಕಾಲಗಣಕರಿದ್ದರು. ದಮಾಸ್ಕಸ್‌ನ ಉಮಯ್ಯದ್ ಮಸೀದಿಯಲ್ಲಿ 14ನೆಯ ಶತಮಾನದಲ್ಲಿ ಈ ಕೆಲಸ ಮಾಡುತ್ತಿದ್ದ ಇಬ್ನ್ ಅಲ್ ಶಾತಿರ್ ದೊಡ್ಡ ಖಗೋಳಜ್ಞನೂ ಆಗಿದ್ದ. ಅವರ ಕಾಲದ ಮುಖ್ಯ ಉಪಕರಣ ಉಸ್ತುರ್ಲಾಬ್. ಅದರ ಮೇಲಿನ ನಕ್ಷತ್ರಗಳ ಜಾಲರಿಗೆ ಅರಬ್ಬಿಯಲ್ಲಿ 'ಅಂಕಬೂತ್', ಅಂದರೆ ಜೇಡ ಎಂದು ಹೆಸರು. ಆ ಜಾಲರಿಯನ್ನು ಒಂದು ಪೂರ್ತಿ ಸುತ್ತು ತಿರುಗಿಸಿದರೆ ಒಂದು ನಾಕ್ಷತ್ರ ದಿನ ಕಳೆದಂತೆ. ಹಿತ್ತಾಳೆಯಲ್ಲಿ ಬರೆದ ಪ್ರೋಗ್ರಾಂ ಎಂದರೆ ತಪ್ಪಾಗಲಾರದು.

ಸಮರ್ಖಂದದಲ್ಲಿ ವೀಕ್ಷಣಾಲಯ ಕಟ್ಟಿಸಿದ ರಾಜ ಉಲೂಗ್ ಬೇಗ್ 1437ರ ಹೊತ್ತಿಗೆ ವರ್ಷದ ಅವಧಿಯನ್ನು 365 ದಿನ 6 ಗಂಟೆ 10 ನಿಮಿಷ 8 ಸೆಕೆಂಡು ಎಂದು ಗೊತ್ತುಮಾಡಿದ್ದ. ಇಂದಿನ ಲೆಕ್ಕಕ್ಕೂ ಅದಕ್ಕೂ ಇರುವ ವ್ಯತ್ಯಾಸ ಒಂದು ನಿಮಿಷಕ್ಕಿಂತ ಕಡಿಮೆ. ಆ ವರ್ಷವನ್ನು ನಮ್ಮ ಪ್ರೋಗ್ರಾಮಿಗೆ ಹಾಕಿ ನೋಡಿ. ನಾಕ್ಷತ್ರ ದಿನದಲ್ಲಿ ಒಂದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟೂ ಅಂತರ ಬರುವುದಿಲ್ಲ.

ಮಂಗಳದ ಕಪ್ಪು ಕಲೆ

ಬೇರೆ ಗ್ರಹಗಳ ದಿನವನ್ನು ಅಳೆಯಲು ದೂರದರ್ಶಕ ಬರಬೇಕಾಯಿತು. 1659ರಲ್ಲಿ ಡಚ್ ವಿಜ್ಞಾನಿ ಹ್ಯೂಗೆನ್ಸ್ ಮಂಗಳದ ಮೇಲೆ ಒಂದು ಕಪ್ಪು ಕಲೆಯನ್ನು ಕಂಡು ಚಿತ್ರ ಬರೆದ. ಅದು ಮತ್ತೆ ಅದೇ ಜಾಗಕ್ಕೆ ಬರಲು ಸುಮಾರು 24 ಗಂಟೆ ಬೇಕೆಂದು ತಿಳಿದ. 1666ರಲ್ಲಿ ಕ್ಯಾಸಿನಿ ಅದನ್ನು 24 ಗಂಟೆ 40 ನಿಮಿಷ ಎಂದ. ಅದೇ ವರ್ಷ ಇಂಗ್ಲೆಂಡಿನಲ್ಲಿ ರಾಬರ್ಟ್ ಹುಕ್ ಕೂಡ ಮಂಗಳದ ಚಿತ್ರ ಬರೆದಿಟ್ಟಿದ್ದ. ಇನ್ನೂರು ವರ್ಷಗಳ ನಂತರ ರಿಚರ್ಡ್ ಪ್ರಾಕ್ಟರ್ ಎಂಬಾತ ಹುಕ್‌ನ ಆ ಹಳೆಯ ಚಿತ್ರವನ್ನು ತನ್ನ ಕಾಲದ ಚಿತ್ರಗಳೊಂದಿಗೆ ಹೋಲಿಸಿ 24 ಗಂಟೆ 37 ನಿಮಿಷ 22.7 ಸೆಕೆಂಡು ಎಂದು ಲೆಕ್ಕ ಹಾಕಿದ. ಇಂದಿನ ಮೌಲ್ಯ 22.66.

ಇದು ಹೇಗೆ ಸಾಧ್ಯವಾಯಿತು? ಇನ್ನೂರು ವರ್ಷಗಳಲ್ಲಿ ಮಂಗಳ ಸುಮಾರು 71,200 ಸುತ್ತು ತಿರುಗುತ್ತದೆ. ಹಳೆಯ ಚಿತ್ರದ ಸಮಯದಲ್ಲಿ ಹತ್ತು ನಿಮಿಷದ ತಪ್ಪಿದ್ದರೂ ಅದು ಅಷ್ಟೂ ಸುತ್ತುಗಳಿಗೆ ಹಂಚಿಹೋಗುತ್ತದೆ. ಒಂದು ಸುತ್ತಿಗೆ ಬೀಳುವುದು ಸೆಕೆಂಡಿನ ನೂರನೆಯ ಒಂದು ಭಾಗಕ್ಕಿಂತ ಕಡಿಮೆ. ಆದರೆ ಒಂದು ಷರತ್ತು: ನಡುವಿನ ಸುತ್ತುಗಳ ಎಣಿಕೆ ಒಂದೂ ತಪ್ಪಬಾರದು. ಕ್ಯಾಸಿನಿಯ 40 ನಿಮಿಷವನ್ನೇ ನಂಬಿ ಎಣಿಸಿದ್ದರೆ 565 ಸುತ್ತುಗಳಾಗುವಷ್ಟರಲ್ಲಿ ಒಂದು ಸುತ್ತು ಕೈತಪ್ಪಿ ಹೋಗುತ್ತಿತ್ತು.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿಯೊಂದಿದೆ. ಹುಕ್ ತಾನು ಕಂಡದ್ದನ್ನು ಕಂಡಂತೆ ಬರೆದು, ತಾರೀಖು ಮತ್ತು ಸಮಯ ಹಾಕಿ ಇಟ್ಟ. ಅದರ ಪೂರ್ಣ ಪ್ರಯೋಜನ ಅವನಿಗೆ ಸಿಗಲಿಲ್ಲ, ಇನ್ನೂರು ವರ್ಷಗಳ ನಂತರದವನಿಗೆ ಸಿಕ್ಕಿತು.

ಬುಧನ ಬಗ್ಗೆ ಎಪ್ಪತ್ತಾರು ವರ್ಷಗಳ ತಪ್ಪು

ಇಟಲಿಯ ಶಿಯಾಪರೆಲ್ಲಿ ಬಹಳ ಶ್ರದ್ಧೆಯ ವೀಕ್ಷಕ. ಹಲವು ವರ್ಷ ಬುಧನನ್ನು ನೋಡಿ 1889ರಲ್ಲಿ ಆತ ಹೀಗೆ ಪ್ರಕಟಿಸಿದ: ಬುಧನ ವರ್ಷ 88 ದಿನ, ಅದರ ಒಂದು ಸುತ್ತೂ 88 ದಿನ. ಅಂದರೆ ನಮ್ಮ ಮೈದಾನದ ಎರಡನೆಯ ಪ್ರಯೋಗದಂತೆ ಬುಧ ಸದಾ ಸೂರ್ಯನ ಕಡೆಗೇ ಮುಖಮಾಡಿರುತ್ತದೆ. ಈ ಸಂಖ್ಯೆಗಳಿಂದ ಬುಧನ ಸೌರ ದಿನ ತಿಳಿಯಲು ಪ್ರೋಗ್ರಾಮನ್ನು ಹಿಂದುಮುಂದಾಗಿ ಓಡಿಸಿದರೆ, ಸೊನ್ನೆಯಿಂದ ಭಾಗಿಸಲು ಆಗದೆಂದು ಕಂಪ್ಯೂಟರ್ ಅಲ್ಲಿಯೇ ನಿಂತುಬಿಡುತ್ತದೆ. ಅಲ್ಲಿ ಹಗಲು ಮುಗಿಯುವುದೇ ಇಲ್ಲವಲ್ಲ!

ಶಿಯಾಪರೆಲ್ಲಿಯ ನಂತರ ಬಂದ ಆಂಟೋನಿಯಾಡಿಯೂ ಅದನ್ನೇ ಕಂಡ. ಪಠ್ಯಪುಸ್ತಕಗಳು ಅದನ್ನೇ ಮುದ್ರಿಸಿದವು. 1965ರಲ್ಲಿ ಪೋರ್ಟೊರಿಕೊ ದ್ವೀಪದ ಅರೆಸಿಬೊದಲ್ಲಿದ್ದ 305 ಮೀಟರ್ ಅಗಲದ ರೇಡಿಯೋ ದೂರದರ್ಶಕದಿಂದ ಪೆಟೆಂಗಿಲ್ ಮತ್ತು ಡೈಸ್ ಎಂಬ ವಿಜ್ಞಾನಿಗಳು ಬುಧನ ಕಡೆಗೆ ರೇಡಾರ್ ಅಲೆಗಳನ್ನು ಕಳುಹಿಸಿದರು. ತಿರುಗುವ ಗ್ರಹದ ಒಂದು ಅಂಚು ನಮ್ಮ ಕಡೆ ಬರುತ್ತಿದ್ದರೆ ಇನ್ನೊಂದು ಅಂಚು ದೂರ ಸರಿಯುತ್ತಿರುತ್ತದೆ. ಮರಳಿ ಬಂದ ಅಲೆಗಳ ಆವರ್ತನ ಎಷ್ಟು ಹರಡಿದೆ ಎಂಬುದರಿಂದ ತಿರುಗುವ ವೇಗ ತಿಳಿಯುತ್ತದೆ. ಉತ್ತರ 88 ಆಗಿರಲಿಲ್ಲ, ಸುಮಾರು 59 ಆಗಿತ್ತು. ಅದು ಬುಧನ ವರ್ಷದ ಸರಿಯಾಗಿ ಮೂರರಲ್ಲಿ ಎರಡು ಭಾಗ ಇರಬೇಕೆಂದು ಇಟಲಿಯ ಕೊಲಂಬೊ ಅದೇ ವರ್ಷ ಸೂಚಿಸಿದ. ಇಂದಿನ ಮೌಲ್ಯ 58.646 ದಿನ. ಸೂರ್ಯೋದಯದಿಂದ ಸೂರ್ಯೋದಯಕ್ಕೆ ಅಲ್ಲಿ ಸುಮಾರು 176 ಭೂದಿನ ಬೇಕು, ಎಂದರೆ ಬುಧನ ಎರಡು ವರ್ಷ!

ಅಷ್ಟು ಜನ ಏಕೆ ತಪ್ಪಿದರು? ಬುಧ ಸೂರ್ಯನ ಬಳಿಯೇ ಇರುವುದರಿಂದ ಅದನ್ನು ಚೆನ್ನಾಗಿ ನೋಡಲು ಸಿಗುವ ಅವಕಾಶ ಅಪರೂಪ. ಅಂಥ ಅವಕಾಶ ಸುಮಾರು 348 ದಿನಗಳಿಗೊಮ್ಮೆ ಮರಳುತ್ತದೆ. ಅಷ್ಟರಲ್ಲಿ ಬುಧ ಹೆಚ್ಚು ಕಡಿಮೆ ಆರು ಸುತ್ತು ತಿರುಗಿ, ಹಿಂದಿನ ಸಲ ತೋರಿಸಿದ ಮುಖವನ್ನೇ ಮತ್ತೆ ತೋರಿಸುತ್ತದೆ. 88 ದಿನದ ನಾಲ್ಕು ಸುತ್ತುಗಳೂ ಅಷ್ಟೇ ಅವಧಿಗೆ ಹೊಂದುತ್ತವೆ. ಕಂಡದ್ದು ಸುಳ್ಳಲ್ಲ, ತೆಗೆದ ಅರ್ಥ ತಪ್ಪು. ಹೊಂದದೆ ಕಂಡ ಮಸುಕು ಗುರುತುಗಳನ್ನು ಬುಧನ ಮೇಲಿನ ಮೋಡವೆಂದು ಬದಿಗಿಟ್ಟರು. ಉತ್ತರ ಮೊದಲೇ ಗೊತ್ತಿದೆ ಎಂದುಕೊಂಡು ನೋಡುವವರಿಗೆ ಆ ಉತ್ತರವೇ ಕಾಣುತ್ತದೆ. "ಪುಸ್ತಕದಲ್ಲಿರುವುದನ್ನೇ ಬರೆ" ಎಂದ ನನಗೂ ಅವರಿಗೂ ಏನು ವ್ಯತ್ಯಾಸ?

ಶುಕ್ರನ ಒಂದು ಋಣ ಚಿಹ್ನೆ

ಶುಕ್ರನ ಮೇಲೆ ದಟ್ಟ ಮೋಡ. ನೆಲ ಕಾಣುವುದೇ ಇಲ್ಲ. ಹಾಗಾಗಿ ಒಬ್ಬರ ಲೆಕ್ಕ ಇನ್ನೊಬ್ಬರದಕ್ಕೆ ಹೊಂದುತ್ತಿರಲಿಲ್ಲ. 17ನೆಯ ಶತಮಾನದಲ್ಲಿ ಕ್ಯಾಸಿನಿ ಒಂದು ದಿನಕ್ಕಿಂತ ಸ್ವಲ್ಪ ಕಡಿಮೆ ಎಂದ. 1728ರಲ್ಲಿ ಬಿಯಾಂಕಿನಿ 24 ದಿನ ಎಂದ. ಶಿಯಾಪರೆಲ್ಲಿ 225 ದಿನ ಎಂದ. 1960ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್‌ನಿಂದ ಹೋದ ರೇಡಾರ್ ಅಲೆಗಳು ಮೋಡವನ್ನು ತೂರಿ ನೆಲ ಮುಟ್ಟಿ ಬಂದಾಗ ಯಾರೂ ಊಹಿಸದ ಸಂಗತಿ ಹೊರಬಿತ್ತು. ಶುಕ್ರ ಉಲ್ಟಾ ತಿರುಗುತ್ತದೆ! ಅಲ್ಲಿ ಸೂರ್ಯ ಹುಟ್ಟುವುದು ಪಶ್ಚಿಮದಲ್ಲಿ. ಒಂದು ಸುತ್ತಿಗೆ 243 ದಿನ, ಅಂದರೆ ಅದರ 224.7 ದಿನದ ವರ್ಷಕ್ಕಿಂತಲೂ ಹೆಚ್ಚು.

ಆ ಸಾಲನ್ನು ಓದಿದಾಗ ನನಗೆ ಒಮ್ಮೆಲೇ ಹೊಳೆಯಿತು. ಮೈದಾನದಲ್ಲಿ ನಡೆಯುವ ದಿಕ್ಕಿಗೆ ವಿರುದ್ಧವಾಗಿ ತಿರುಗಿದರೆ ಎಣಿಕೆ ಬದಲಾಗುತ್ತದೆ. ಆಗ ಸ್ತಂಭಕ್ಕೆ ಮುಖಮಾಡಿದ ಸಲಗಳೇ ಒಂದು ಹೆಚ್ಚು. ಶುಕ್ರನ ಸೌರ ದಿನ 116.75 ಎಂದಲ್ಲ, ಋಣ 116.75 ಎಂದು ಕೊಡಬೇಕಿತ್ತು. ಪ್ರೋಗ್ರಾಮಿನ ಮೂರನೆಯ ಸಾಲನ್ನು ಮುಟ್ಟದೆ, ಬರೀ ಒಂದು ಋಣ ಚಿಹ್ನೆ ಹಾಕಿದಾಗ ಉತ್ತರ ಋಣ 243.02 ಎಂದು ಬಂತು. ಋಣ ಎಂದರೆ ಉಲ್ಟಾ ದಿಕ್ಕು. ಆಕೆಯ ಪ್ರೋಗ್ರಾಂ ಸರಿಯಾಗಿಯೇ ಇತ್ತು. ಶುಕ್ರನಲ್ಲಿ ಏನೋ ವಿಶೇಷವಿದೆ, ಗಮನಿಸಿ ಎಂದು ಆ 76.8 ನಮ್ಮನ್ನು ಕೂಗಿ ಕರೆಯುತ್ತಿತ್ತು. ನಾನು ಅದರ ಬಾಯಿ ಮುಚ್ಚಿಸಿದ್ದೆ.

ಮುಗಿಯದ ಲೆಕ್ಕ

ಈ ಕೆಲಸ ಇಂದಿಗೂ ಮುಗಿದಿಲ್ಲ. ಶನಿ ಗ್ರಹದಲ್ಲಿ ಗುರುತು ಹಿಡಿಯಲು ಗಟ್ಟಿ ನೆಲವೇ ಇಲ್ಲ. ವೊಯೇಜರ್ ನೌಕೆಗಳು ಅದರ ರೇಡಿಯೋ ಅಲೆಗಳಿಂದ 10 ಗಂಟೆ 39 ನಿಮಿಷ ಎಂದವು. ಕ್ಯಾಸಿನಿ ನೌಕೆ ಅಲ್ಲಿಗೆ ತಲುಪಿದಾಗ ಅದೇ ಅಲೆಗಳು ಸುಮಾರು 10 ಗಂಟೆ 45 ನಿಮಿಷ ಎಂದವು. ಕೊನೆಗೆ 2019ರಲ್ಲಿ ಶನಿಯ ಬಳೆಗಳಲ್ಲಿ ಏಳುವ ಅಲೆಗಳನ್ನು ಓದಿ 10 ಗಂಟೆ 33 ನಿಮಿಷ 38 ಸೆಕೆಂಡು ಎಂದು ಲೆಕ್ಕ ಹಾಕಿದರು. ಶುಕ್ರನ ಸುತ್ತಿನ ಅವಧಿಯೇ ಸುಮಾರು 20 ನಿಮಿಷದಷ್ಟು ಹೆಚ್ಚು ಕಡಿಮೆ ಆಗುತ್ತಿರುತ್ತದೆ ಎಂದು 2021ರಲ್ಲಿ ತಿಳಿಯಿತು. ಯುರೇನಸ್ಸಿನ ದಿನ ಹಿಂದೆ ತಿಳಿದಿದ್ದಕ್ಕಿಂತ 28 ಸೆಕೆಂಡು ಹೆಚ್ಚು ಎಂದು ಹಬಲ್ ದೂರದರ್ಶಕದ ಸಹಾಯದಿಂದ 2025ರಲ್ಲಿ ಗೊತ್ತಾಯಿತು.

ನಮ್ಮ ಹತ್ತಿರದ ಉದಾಹರಣೆಯನ್ನೂ ನೋಡೋಣ. ಚಂದ್ರ ತನ್ನ ಸುತ್ತ ತಿರುಗಲು ತೆಗೆದುಕೊಳ್ಳುವ ಕಾಲ 27.32 ದಿನ. ಆದರೆ ಅಲ್ಲಿನ ಸೌರ ದಿನ 29.53 ದಿನ. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಇಳಿದಾಗ, ಬೆಂಗಳೂರಿನ ಇಸ್ರೋ ವಿಜ್ಞಾನಿಗಳ ಕೈಯಲ್ಲಿದ್ದದ್ದು ಚಂದ್ರನ ಒಂದು ಹಗಲು ಮಾತ್ರ. ಅದು 29.53ರ ಅರ್ಧ, 27.32ರ ಅರ್ಧವಲ್ಲ. ಸೌರಫಲಕಗಳಿಗೆ ಬೇಕಾದದ್ದು ಸೂರ್ಯ, ನಕ್ಷತ್ರವಲ್ಲ. ನಮ್ಮ ಹಿಜರಿ ತಿಂಗಳುಗಳು 29 ಅಥವಾ 30 ದಿನಗಳಾಗುವುದಕ್ಕೂ ಈ 29.53ವೇ ಕಾರಣ. ಯಾವ ಕೆಲಸಕ್ಕೆ ಯಾವ ದಿನ ಎಂಬ ವಿವೇಕ ಮುಖ್ಯ.

ಪ್ರಿಯ ವಿದ್ಯಾರ್ಥಿಗಳೇ, ನಿಮಗೂ ಒಂದು ಕೆಲಸ ಕೊಡುತ್ತೇನೆ. ಡಿಸೆಂಬರ್ ತಿಂಗಳ ಸಂಜೆ ಪೂರ್ವದ ಆಕಾಶದಲ್ಲಿ ಕೃತ್ತಿಕೆಯ ಗೊಂಚಲು ಕಾಣುತ್ತದೆ. ಅರಬ್ಬಿಯಲ್ಲಿ ಅದರ ಹೆಸರು ಸುರಯ್ಯಾ. ಆ ಹೆಸರಿನ ಹುಡುಗಿಯರು ನಿಮ್ಮ ತರಗತಿಯಲ್ಲಿಯೇ ಇರಬಹುದು. ಅದು ಒಂದು ತೆಂಗಿನ ಮರದ ತುದಿಗೋ ಮಹಡಿಯ ಅಂಚಿಗೋ ಬಂದ ಸಮಯವನ್ನು, ನಿಂತ ಜಾಗ ಬದಲಿಸದೆ, ಬರೆದಿಟ್ಟುಕೊಳ್ಳಿ. ಹದಿನೈದು ದಿನ ಬಿಟ್ಟು ಮತ್ತೆ ನೋಡಿ. ಸುಮಾರು ಒಂದು ಗಂಟೆ ಮುಂಚೆಯೇ ಅದು ಅಲ್ಲಿಗೆ ಬಂದಿರುತ್ತದೆ. ದಿನಕ್ಕೆ ನಾಲ್ಕು ನಿಮಿಷದ ಆ ವ್ಯತ್ಯಾಸವನ್ನು ನಿಮ್ಮ ಕಣ್ಣೇ ನಿಮಗೆ ಹೇಳುತ್ತದೆ, ಪುಸ್ತಕವಲ್ಲ.

ಇನ್ನು ಪ್ರದರ್ಶನದ ವಿಷಯ. ಅಂದು ನಮ್ಮ ಚಾರ್ಟಿನಲ್ಲಿ 243 ಎಂದೇ ಇತ್ತು, ಯಾರೂ ಲೆಕ್ಕ ಮಾಡಿ ನೋಡಲಿಲ್ಲ. ನನಗೆ ಉತ್ತರ ಸಿಕ್ಕಿದ್ದು ಒಂದು ವಾರದ ಮೇಲೆ. ಆ ದಿನ ಇಡೀ ತರಗತಿಯ ಮುಂದೆ, ತಪ್ಪು ನನ್ನದು, ನಿಮ್ಮ ಗೆಳತಿಯ ಪ್ರಶ್ನೆ ಸರಿಯಾಗಿತ್ತು ಎಂದು ಹೇಳಿ, ಕಪ್ಪುಹಲಗೆಯ ಮೇಲೆ ಆ ಋಣ ಚಿಹ್ನೆಯನ್ನು ಹಾಕಿ ತೋರಿಸಿದೆ. ಆಕೆ ತನ್ನ ನೋಟ್‌ಬುಕ್ ತೆರೆದಳು. ಅದರಲ್ಲಿ 76.8 ಎಂಬ ಉತ್ತರ ತಾರೀಖಿನ ಸಮೇತ ಹಾಗೆಯೇ ಇತ್ತು. ಆಕೆ ಅದನ್ನು ಹೊಡೆದುಹಾಕಿರಲಿಲ್ಲ. ಪಕ್ಕದಲ್ಲಿ ಕಾರಣ ಬರೆದುಕೊಂಡಳು.

ನಿಮ್ಮ ಉತ್ತರ ಪುಸ್ತಕಕ್ಕೆ ಹೊಂದದಿದ್ದಾಗ ನೀವು ತಪ್ಪಿರಬಹುದು, ಪುಸ್ತಕವೂ ತಪ್ಪಿರಬಹುದು, ಇಬ್ಬರೂ ಸರಿಯಿದ್ದು ಪ್ರಶ್ನೆಯೇ ಬೇರೆಯಿರಬಹುದು. ಯಾವುದೆಂದು ತಿಳಿಯುವ ತನಕ ಅಳಿಸಬೇಡಿ. ನನ್ನ ಶಿಕ್ಷಕ ಬಂಧುಗಳಲ್ಲಿಯೂ ನನ್ನ ವಿನಂತಿ ಇಷ್ಟೇ: ಮಕ್ಕಳಿಗೆ ಅಳಿಸಲು ಹೇಳಬೇಡಿ.